ಸಂತೆಕಲ್ಲೂರಿಗೆ ಹೋದ ಡಬ್ಬಿ

ಆ ದಿನ ಮಳೆ ಬಿಡುವು ಕೊಟ್ಟಿತ್ತು. ನನ್ನ ಹೆಂಡತಿ ನೀಲಮ್ಮ ಪುಂಡಿ ಪಲ್ಯ ಮಾಡಿದ್ದಳು. ನಾನು ಪಡಸಾಲೆಯಲ್ಲಿ ಒಂದು ಮಿಕ್ಸರ್ ಬಿಚ್ಚಿಕೊಂಡು ಕುಳಿತಿದ್ದೆ. ಮಸ್ಕಿಯಲ್ಲಿ ನನ್ನದು ಮಿಕ್ಸರ್, ಫ್ಯಾನು ರಿಪೇರಿಯ ಅಂಗಡಿ. ಅಲ್ಲಿ ಮುಗಿಯದ ಕೆಲಸ ನನ್ನ ಹಿಂದೆಯೇ ಮನೆಗೆ ಬರುತ್ತದೆ. ನೀಲಮ್ಮ ಒಂದು ಸ್ಟೀಲಿನ ಡಬ್ಬಿಗೆ ಪಲ್ಯ ತುಂಬಿ, ಮುಚ್ಚಳ ಒತ್ತಿ, ನನ್ನ ಪಕ್ಕದಲ್ಲಿಟ್ಟಳು.

"ಇದನ್ನ ಮಹಾದೇವಕ್ಕಗ ಕೊಟ್ಟು ಬರ್ರಿ. ಬಿಸಿ ಇದ್ದಾಗ ಮುಟ್ಲಿ."

ಮಹಾದೇವಕ್ಕ ಪಕ್ಕದ ಮನೆಯಾಕೆ. ನಮ್ಮ ಹೊಸ್ತಿಲಿನಿಂದ ಅವರ ಹೊಸ್ತಿಲಿಗೆ ಹತ್ತು ಹೆಜ್ಜೆ. ನಾನು ತಲೆ ಎತ್ತದೆ, "ಕೈ ಗ್ರೀಸ್ ಆಗ್ಯಾವ, ಆಮ್ಯಾಲೆ ಒಯ್ತೀನಿ" ಎಂದೆ.

ಆಕೆ ಸ್ವಲ್ಪ ಹೊತ್ತು ಕಾದಳು. "ನಿಮ್ಮ ಆಮ್ಯಾಲೆ ನನಗ ಗೊತ್ತೈತಿ ಬಿಡ್ರಿ" ಎಂದು ಡಬ್ಬಿ ಎತ್ತಿಕೊಂಡು ತಾನೇ ಕೊಟ್ಟು ಬಂದಳು. ಊಟಕ್ಕೆ ಕುಳಿತಾಗ ನಾನು ಉಪ್ಪು ಒಂದಿಷ್ಟು ಕಡಿಮೆ ಎಂದೆ. ಅದು ನಾನು ದಿನಾ ಹೇಳುವ ಮಾತು. ಆಕೆ ಉಪ್ಪಿನ ಬಟ್ಟಲು ನನ್ನ ಕಡೆ ಸರಿಸಿದಳು. ಅದು ಆಕೆ ದಿನಾ ಮಾಡುವ ಕೆಲಸ.

ಮರುದಿನ ಬೆಳಿಗ್ಗೆ ಎದೆ ಹಿಡಿದಂತಾಗುತ್ತದೆ ಎಂದಳು. ಲಿಂಗಸುಗೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಇಷ್ಟು ಹೇಳಿದವನು ಇನ್ನು ನಗುವ ಕಥೆ ಹೇಳುತ್ತಾನೆಂದರೆ ನಿಮಗೆ ವಿಚಿತ್ರ ಅನ್ನಿಸಬಹುದು. ಆದರೆ ಮುಂದೆ ನಡೆದದ್ದನ್ನು ನೀಲಮ್ಮ ನೋಡಿದ್ದರೆ ಸೆರಗನ್ನು ಬಾಯಿಗಿಟ್ಟುಕೊಂಡು ಒಲೆಯ ಮುಂದೆ ಕುಳಿತು ನಗುತ್ತಿದ್ದಳು. ಈಗ ಆಕೆಯ ಪಾಲಿನ ನಗುವನ್ನೂ ನೀವೇ ನಗಬೇಕು.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಓಣಿಯವರೇ ಊಟ ತರುತ್ತಾರೆ. ದಿನಗಳು ಮುಗಿದು, ನೆಂಟರು ಚದುರಿ, ಮಗಳು ಗಂಗಾ ಲಿಂಗಸುಗೂರಿನ ತನ್ನ ಮನೆಗೆ ಹೋದ ಮೇಲೂ ನಮ್ಮ ಓಣಿಯವರು ನಿಲ್ಲಿಸಲಿಲ್ಲ. ಒಬ್ಬರು ಜುಣಕ ತಂದರು, ಒಬ್ಬರು ಎಣ್ಣೆಗಾಯಿ ತಂದರು. ನಾನು ತಿಂದೆ, ಪಾತ್ರೆ ತೊಳೆದೆ, ಬೋರಲು ಹಾಕಿದೆ. ಯಾರು ಬಂದರು ಎಂಬುದೇ ಸರಿಯಾಗಿ ಕಾಣದ ದಿನಗಳವು. ಯಾವ ಪಾತ್ರೆಯಲ್ಲಿ ತಂದರು ಎಂಬುದು ಎಲ್ಲಿಂದ ಕಾಣಬೇಕು? ಎರಡು ತಿಂಗಳು ಕಳೆದು ಅಡುಗೆಮನೆಯ ಕಟ್ಟೆ ನೋಡಿದರೆ, ಒಂಬತ್ತು ಪಾತ್ರೆಗಳು ಸಾಲಾಗಿ ಬೆನ್ನು ತೋರಿಸಿಕೊಂಡು ಕುಳಿತಿದ್ದವು.

ಗಂಗಾ ಫೋನಿನಲ್ಲಿ ಕೇಳಿದಳು. "ಅಪ್ಪಾ, ಮಂದಿ ಪಾತ್ರಿ ತಿರುಗಿ ಕೊಟ್ಟಿಯೋ ಇಲ್ಲೋ?"

ಇಲ್ಲ ಎಂದೆ.

"ಖಾಲಿ ಮಾತ್ರ ಕೊಡಬ್ಯಾಡ. ಅವ್ವ ಒಂದು ಸಲಾನೂ ಖಾಲಿ ಕೊಟ್ಟಾಕಿ ಅಲ್ಲ."

ಅದು ನಿಜ. ಮನೆಯಲ್ಲಿ ಏನೂ ಇಲ್ಲದ ದಿನವೂ ನೀಲಮ್ಮ ಆ ಪಾತ್ರೆಯಲ್ಲಿ ಒಂದು ಹಿಡಿ ಸಕ್ಕರೆಯನ್ನೋ ನಾಲ್ಕು ಹಸಿ ಮೆಣಸಿನಕಾಯಿಯನ್ನೋ ಹಾಕಿಯೇ ಕಳಿಸುತ್ತಿದ್ದಳು. ಮೂವತ್ತೊಂದು ವರ್ಷ ಆಕೆ ನಡೆಸಿಕೊಂಡು ಬಂದದ್ದನ್ನು ನಾನು ಎರಡೇ ತಿಂಗಳಲ್ಲಿ ಕೆಡಿಸಬಾರದು ಅನ್ನಿಸಿತು. ಒಂಬತ್ತೂ ಪಾತ್ರೆಗಳನ್ನು ತುಂಬಿಯೇ ಕೊಡುವುದೆಂದು ತೀರ್ಮಾನಿಸಿದೆ. ಸಕ್ಕರೆಯಿಂದ ಅಲ್ಲ, ನನ್ನ ಕೈಯಾರೆ ಮಾಡಿದ ಅಡುಗೆಯಿಂದ!

ಇಲ್ಲಿ ನನ್ನ ಅರ್ಹತೆಗಳನ್ನು ತಿಳಿಸುವುದು ಉಚಿತ. ಮಸ್ಕಿಯ ಅರ್ಧದಷ್ಟು ಅಡುಗೆಮನೆಗಳ ಮಿಕ್ಸರ್‌ಗಳಿಗೆ ಮರುಜನ್ಮ ಕೊಟ್ಟವನು ನಾನು. ಯಾವ ಜಾರಿನ ಬ್ಲೇಡು ಯಾಕೆ ಸವೆಯಿತು ಎಂದು ಶಬ್ದ ಕೇಳಿ ಹೇಳಬಲ್ಲೆ. ಆದರೆ ಯಾವ ಜಾರಿನಲ್ಲೂ ಇಲ್ಲಿಯ ತನಕ ಚಟ್ನಿ ಅರೆದವನಲ್ಲ.

ಕಡಲೆ ಗಿಡದ ಚಿಗುರಿನ ಕಾಲ ಅದು. ಈ ಕಡೆಯ ಎರೆಹೊಲದವರು ಚಳಿ ಶುರುವಾದೊಡನೆ ಕಡ್ಲಿ ಚಿಗುರು ಚಿವುಟಿ ಬುಟ್ಟಿಯಲ್ಲಿ ಮಾರಲು ತರುತ್ತಾರೆ. ಅದರ ಪಲ್ಯ ಅತಿ ಸುಲಭ ಎಂದು ಗಂಗಾ ಫೋನಿನಲ್ಲಿ ಹೇಳಿದಳು. ಸ್ವಲ್ಪ ಬೇಳೆ, ಸ್ವಲ್ಪ ಬೆಳ್ಳುಳ್ಳಿ, ಸ್ವಲ್ಪ ಹಸಿ ಮೆಣಸಿನಕಾಯಿ. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದೆ.

"ಅವ್ವ ಹಾಕ್ತಿದ್ದಷ್ಟು" ಎಂದಳು.

ಚಿಗುರು ಎಷ್ಟು ಬೇಕೆಂಬುದಕ್ಕೆ ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ತುಂಬಬೇಕಾದದ್ದು ಒಂಬತ್ತು ಪಾತ್ರೆ, ಆದ್ದರಿಂದ ಒಂಬತ್ತು ಪಾತ್ರೆ ಸೊಪ್ಪು. ಚೀಲದಲ್ಲಿ ಪಾತ್ರೆಗಳನ್ನು ಹಾಕಿಕೊಂಡು ಬಜಾರಿಗೆ ಹೋಗಿ, ಬುಟ್ಟಿಯವಳ ಮುಂದೆ ಒಂದೊಂದನ್ನೇ ತುಂಬಿಸಿ ಅಳೆದೆ. ಇರಲಿ ಎಂದು ಮೇಲೊಂದು ಪಾತ್ರೆ ಹೆಚ್ಚಿಗೆ ತೆಗೆದುಕೊಂಡೆ. ಆಕೆ ನನ್ನನ್ನೂ ಚೀಲವನ್ನೂ ನೋಡಿ, "ಯಣ್ಣಾ, ಮನ್ಯಾಗ ಎಮ್ಮಿ ಕಟ್ಟೀರೇನು?" ಎಂದು ಕೇಳಿದಳು. ಅಡುಗೆ ತಿಳಿಯದ ಹೆಣ್ಣುಮಗಳು ಎಂದುಕೊಂಡೆ!

ಮನೆಗೆ ಬಂದು ಆ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದೆ. ರಿಪೇರಿಯವನಿಗೆ ಸ್ವಚ್ಛತೆಯೇ ಮೊದಲು. ಮೂರನೆಯ ನೀರು ಕುಡಿಯುವಷ್ಟು ತಿಳಿಯಾಗಿತ್ತು. ಒಲೆಯ ಮೇಲಿಟ್ಟು ಮುಚ್ಚಳ ಹಾಕಿ, ತುಸು ಹೊತ್ತಿನ ಮೇಲೆ ತೆಗೆದು ನೋಡಿದೆ. ಪಾತ್ರೆ ಖಾಲಿಯಾಗಿತ್ತು! ಬಗ್ಗಿ ನೋಡಿದರೆ ತಳದಲ್ಲಿ ಎರಡು ಹಿಡಿಯಷ್ಟು ಹಸಿರು ಏನೋ ಮಲಗಿತ್ತು. ಹತ್ತು ಪಾತ್ರೆ ಸೊಪ್ಪು ಎಲ್ಲಿಗೆ ಹೋಯಿತೆಂದು ಒಲೆಯ ಹಿಂದೆಯೂ ಒಮ್ಮೆ ನೋಡಿದೆ.

ಗಾಬರಿಯಾಗಬಾರದು. ಕಡಿಮೆಯಾದದ್ದನ್ನು ಹೆಚ್ಚಿಸಬೇಕು. ನಾಲ್ಕು ತಂಬಿಗೆ ನೀರು ಹಾಕಿದೆ. ಈಗ ಒಂಬತ್ತು ಪಾತ್ರೆಗೆ ಸಾಕಾಗುವಷ್ಟಾಯಿತು, ಆದರೆ ಪಲ್ಯ ಹೋಗಿ ಕೆರೆಯಾಯಿತು. ರುಚಿ ನೋಡಿದರೆ ಹುಳಿಯೇ ಇಲ್ಲ. ಕಡ್ಲಿ ಪಲ್ಯಕ್ಕೆ ಹುಳಿ ಇರಬೇಕೆಂದು ನೆನಪಿತ್ತು, ಹುಣಸೆಹಣ್ಣು ಹಿಂಡಿದೆ. ಹಲ್ಲು ಜುಮ್ಮೆಂದಿತು. ಬೆಲ್ಲ ಹಾಕಿದೆ. ಪಾನಕವಾಯಿತು. ಉಪ್ಪು ಹಾಕಿದೆ. ಅದರ ಬಗ್ಗೆ ಏನೂ ಹೇಳದಿರುವುದು ಒಳ್ಳೆಯದು.

ಗಟ್ಟಿಯಾಗಲು ನೀಲಮ್ಮ ಜೋಳದ ನುಚ್ಚು ಹಾಕುತ್ತಿದ್ದುದು ನೆನಪಾಯಿತು. ಡಬರಿಯಲ್ಲಿದ್ದ ನುಚ್ಚನ್ನೆಲ್ಲಾ ಸುರಿದೆ. ಮೊದಲು ಏನೂ ಆಗಲಿಲ್ಲ. ನಂತರ ಅದು ಉಬ್ಬತೊಡಗಿತು. ಒಂದು ಪಾತ್ರೆ ಸಾಲದೆ ಎರಡಾಯಿತು, ಎರಡು ಸಾಲದೆ ಬಕೆಟ್ಟು ಬಂತು. ನಿಲ್ಲು ಎಂದರೂ ನಿಲ್ಲಲಿಲ್ಲ. ಕೊನೆಗೆ ಸಿಕ್ಕದ್ದು ಗೋಡೆಗೆ ಪೋಸ್ಟರ್ ಅಂಟಿಸಲು ಬರುವಂಥ ಒಂದು ಪದಾರ್ಥ. ಬಣ್ಣ ಮಾತ್ರ ಹಸಿರಾಗಿತ್ತು. ಒಂಬತ್ತೂ ತುಂಬಿದವು. ತಿರುವುವ ಹುಟ್ಟಿಗೆ ಅಂಟಿಕೊಂಡದ್ದನ್ನು ಬಿಡಿಸಲು ಸ್ಕ್ರೂಡ್ರೈವರ್ ಬೇಕಾಯಿತು.

ಇನ್ನು ಹಂಚುವ ಕೆಲಸ. ಯಾವ ಪಾತ್ರೆ ಯಾರದು? ಮಹಾದೇವಕ್ಕನನ್ನು ಕೇಳಬಹುದಿತ್ತು. ಆದರೆ ಇದೇ ಮನೆಯಲ್ಲಿ ಇಷ್ಟು ವರ್ಷ ಇದ್ದು ಓಣಿಯ ಪಾತ್ರೆ ಗುರುತಿಲ್ಲ ಎನ್ನಲು ನಾಚಿಕೆಯಾಯಿತು. ಅಲ್ಲದೆ ಕೇಳುವ ಅಗತ್ಯವೂ ಇರಲಿಲ್ಲ. ಪ್ರತಿ ಪಾತ್ರೆಯ ಅಂಚಿನಲ್ಲಿ ಹೆಸರು ಕೊರೆದಿತ್ತು! ನಾನು ಓದು ಬರುವವನು. ಶರಣಮ್ಮ ಎಂದಿದ್ದದ್ದನ್ನು ಶರಣಮ್ಮನ ಮನೆಗೆ ಕೊಟ್ಟೆ. ಬಸಮ್ಮ ಎಂದಿದ್ದದ್ದನ್ನು ಬಸಮ್ಮನ ಮನೆಗೆ ಕೊಟ್ಟೆ. ಅವರು ಪಾತ್ರೆಯನ್ನು ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ಒಬ್ಬರು ಕಣ್ಣು ಒರೆಸಿಕೊಂಡರು. ಪಲ್ಯದ ಪ್ರಭಾವ ಎಂದು ತಿಳಿದೆ. ಹೀಗೆ ಎಂಟು ಪಾತ್ರೆಗಳು ಎಂಟು ಮನೆ ಸೇರಿದವು.

ಒಂಬತ್ತನೆಯದು ಒಂದು ಮುಚ್ಚಳದ ಡಬ್ಬಿ. ಅದರ ಬರಹ ಬೂದಿ ಹಾಕಿ ತಿಕ್ಕಿ ತಿಕ್ಕಿ ಅರ್ಧ ಅಳಿಸಿತ್ತು. ಉಳಿದದ್ದು ಇಷ್ಟು: 'ಅಮರಮ್ಮ, ಸಂತೆಕಲ್ಲೂರು'. ಯಾರೋ ಸಂತೆಕಲ್ಲೂರಿನಿಂದ ಊಟ ತಂದು ಕೊಟ್ಟು ಹೋಗಿದ್ದಾರೆ, ನನಗೆ ಅವರ ಮುಖವೂ ನೆನಪಿಲ್ಲ. ಇದನ್ನು ತಲುಪಿಸದಿದ್ದರೆ ನಾನೆಂಥ ಮನುಷ್ಯ? ಅಂಗಡಿ ಮುಚ್ಚಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಟಂಟಂ ಆಟೋ ಹತ್ತಿದೆ. ಒಂದು ತಗ್ಗಿನಲ್ಲಿ ಗಾಡಿ ಎಗರಿ ಡಬ್ಬಿ ತಲೆಕೆಳಗಾಗಿ ಬಿತ್ತು, ಮುಚ್ಚಳವೂ ಹಾರಿತು. ಪಕ್ಕದವರು ಅಯ್ಯೋ ಎಂದರು. ಎತ್ತಿ ನೋಡಿದರೆ ಒಂದು ಅಗುಳೂ ಚೆಲ್ಲಿರಲಿಲ್ಲ. ಪಲ್ಯ ಡಬ್ಬಿಯನ್ನು ಬಿಟ್ಟರೆ ತಾನೆ!

ಅಮರಮ್ಮ ಸಿಕ್ಕಳು. ಎಪ್ಪತ್ತು ದಾಟಿದ ಮುದುಕಿ. ಮನೆಯ ಮುಂದೆ ಕುಳಿತು ಹಸಿ ತೊಗರಿ ಸುಲಿಯುತ್ತಿದ್ದಳು. ನಾನು ಡಬ್ಬಿ ಮುಂದಿಟ್ಟು, ತಮ್ಮ ಉಪಕಾರ ಮರೆಯುವಂಥದ್ದಲ್ಲ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನು ಹೇಳಿದೆ.

"ಯಾರಪ್ಪಾ ನೀ?" ಎಂದಳು.

ಮಸ್ಕಿಯಿಂದ ಬಂದೆ, ಡಬ್ಬಿಯ ಮೇಲೆ ನಿಮ್ಮ ಹೆಸರಿದೆ ಎಂದೆ. ಆಕೆ ಡಬ್ಬಿಯನ್ನು ಎತ್ತಿ, ಮುಚ್ಚಳದ ಮೇಲಿನ ಹಿಡಿಬಳೆಯನ್ನು ಬೆರಳಿನಿಂದ ತಿರುಗಿಸಿದಳು. "ನನಗ ಓದಾಕ ಬರಂಗಿಲ್ಲ. ಅಂಗಡ್ಯಾವ ಬರದೀನಿ ಅಂದಿದ್ದ. ಖರೇನ ಐತೇನು ನನ್ನ ಹೆಸರು? ಓದು."

ನಾನು ಓದಿದೆ. ಇನ್ನೊಂದು ಸಲ ಓದು ಎಂದಳು. ಇನ್ನೊಂದು ಸಲ ಓದಿದೆ.

"ಇದು ನಮ್ಮ ನೀಲಿ ಮದಿವ್ಯಾಗ ನಾ ಕೊಟ್ಟಿದ್ದು. ಬಳಗಾನೂರಾಗ ಅವರ ಹೊಲಕ್ಕ ನಾಟಿಗೆ ಹೋಗ್ತಿದ್ವಿ. ಅವರ ಮನ್ಯಾಗ ಇರ್ತಿದ್ವಿ. ಇದು ನಿನ್ನ ಕೈಯಾಗ ಹ್ಯಾಂಗ ಬಂತು?"

ಬಳಗಾನೂರು ನೀಲಮ್ಮನ ತವರು. ಪಾತ್ರೆಯ ಮೇಲಿನ ಹೆಸರು ಇಟ್ಟುಕೊಂಡವರದಲ್ಲ, ಉಡುಗೊರೆ ಕೊಟ್ಟವರದು! ಮದುವೆಯಲ್ಲಿ ನನ್ನ ಕಣ್ಣೆದುರೇ ಬಂದ ಪಾತ್ರೆಗಳಲ್ಲೂ ಹಾಗೆಯೇ ಇತ್ತು. ಇದು ಈ ಕಡೆ ಹಾಲು ಕುಡಿಯುವ ಮಕ್ಕಳಿಗೂ ತಿಳಿದ ವಿಷಯ. ಓದು ಬಲ್ಲ ನನಗೊಬ್ಬನಿಗೇ ಹೊಳೆದಿರಲಿಲ್ಲ. ನನ್ನ ಮನೆಯ ಡಬ್ಬಿಯನ್ನು ನಾನೇ ಹೊತ್ತು ತಂದು, ಬೇರೆಯವರಿಗೆ ಕೃತಜ್ಞತೆ ಹೇಳುತ್ತಿದ್ದೆ.

ಆದರೆ ಆಗ ನಗು ಬರಲಿಲ್ಲ. ಆಕೆಗೆ ವಿಷಯ ಗೊತ್ತಿರಲಿಲ್ಲ. ನಾನು ನೀಲಮ್ಮನ ಗಂಡ ಎಂದೆ. ಆಕೆ ತಟ್ಟನೆ ಸೆರಗು ಸರಿ ಮಾಡಿಕೊಂಡು, "ಬರ್ರಿ ಅಳಿಯಂದ್ರ, ಒಳಗ ಬರ್ರಿ. ನೀಲಿ ಬರಲಿಲ್ಲೇನು?" ಎಂದಳು.

ಹೇಳಿದೆ.

ಆಕೆ ಅಳಲಿಲ್ಲ. ತೊಗರಿಯ ಮೊರವನ್ನು ನನ್ನ ಕಡೆ ಸರಿಸಿದಳು. ಇಬ್ಬರೂ ಕುಳಿತು ತೊಗರಿ ಸುಲಿದೆವು. ನೀಲಿ ಸಣ್ಣವಳಿದ್ದಾಗ ಕೂಲಿಯವರಿಗೆಂದು ರೊಟ್ಟಿಬುಟ್ಟಿ ಹೊತ್ತು ಗದ್ದೆಗೆ ಬರುತ್ತಿದ್ದುದನ್ನು, ಒಂದು ದಿನ ಬುಟ್ಟಿಯ ಸಮೇತ ಕೆಸರಿನಲ್ಲಿ ಕುಳಿತುಬಿಟ್ಟದ್ದನ್ನು ಆಕೆ ಹೇಳಿದಳು. ನನಗೆ ಅದು ಗೊತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ನೀಲಮ್ಮ ನನಗೆ ಹೇಳದೆ ಉಳಿಸಿಕೊಂಡದ್ದು ಅದೊಂದೇ ಇರಲಿಕ್ಕಿಲ್ಲ, ನಾನೇ ಕೇಳಿರಲಿಲ್ಲ.

ಆಮೇಲೆ ಆಕೆ ಡಬ್ಬಿಯ ಮುಚ್ಚಳ ತೆಗೆದು ಒಂದು ಬೆರಳು ಪಲ್ಯ ಬಾಯಿಗಿಟ್ಟಳು. ಬಹಳ ಹೊತ್ತು ಆಲೋಚಿಸಿದಳು.

"ಅಳಿಯಂದ್ರ, ಕಡ್ಲಿ ಚಿಗುರು ತೊಳದ್ರೇನು?"

ಮೂರು ನೀರಿನಲ್ಲಿ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಅದರ ಹುಳಿ ಎಲಿ ಮ್ಯಾಲೇ ಇರ್ತೈತ್ರಿ. ನೀವು ಪಲ್ಯ ಮೋರಿಗೆ ಹಾಕಿ ನೀರು ಕುದಿಸೀರಿ" ಎಂದಳು. ಆದರೂ ಪಲ್ಯವನ್ನು ತನ್ನ ಗಂಗಾಳಕ್ಕೆ ತೆಗೆದುಕೊಂಡಳು. ತೆಗೆದುಕೊಂಡಳು ಎನ್ನುವುದಕ್ಕಿಂತ ಕಿತ್ತುಕೊಂಡಳು ಎನ್ನಬೇಕು, ಅದು ಬರಲೊಲ್ಲದು. ಡಬ್ಬಿಯನ್ನು ತೊಳೆದು, ಸುಲಿದ ತೊಗರಿ ಕಾಳು ತುಂಬಿ, ನನ್ನ ಕೈಗಿಟ್ಟಳು. "ನೀಲಿಗೆ ಕೊಟ್ಟಿದ್ದು ನಾ ತಿರುಗಿ ತಗೊಳ್ಳಂಗಿಲ್ಲ."

ಊರಿಗೆ ಬಂದರೆ ನನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಸಭೆ ಸೇರಿತ್ತು. ಶರಣಮ್ಮ, ಬಸಮ್ಮ, ಉಳಿದವರು, ಎಲ್ಲರ ಕೈಯಲ್ಲೂ ಬೇರೆಯವರ ಪಾತ್ರೆ. ನನ್ನ ಮುಂದೆ ಹೇಳಲು ಮನಸ್ಸು ಬಾರದೆ ತೆಗೆದುಕೊಂಡವರು, ನಾನಿಲ್ಲದ ಹೊತ್ತು ನೋಡಿ ಬದಲಿಸಿಕೊಳ್ಳಲು ಬಂದಿದ್ದರು. ಮಹಾದೇವಕ್ಕ ನಡುವೆ ಕುಳಿತು ಒಂದು ಅಕ್ಷರವನ್ನೂ ಓದದೆ, ಒಂದರ ನೆಗ್ಗು ನೋಡಿ, ಒಂದರ ತೂಕ ನೋಡಿ, ಇದು ನಿಮ್ಮದು, ಇದು ಅವರದು ಎಂದು ತೆಗೆದು ಕೊಡುತ್ತಿದ್ದರು. ನನ್ನನ್ನು ನೋಡಿ ಎಲ್ಲರೂ ಸುಮ್ಮನಾದರು. ಮೊದಲು ನಕ್ಕದ್ದು ನಾನೇ. ಆಮೇಲೆ ಅವರು ನಕ್ಕರು. ನೀಲಮ್ಮ ಹೋದ ಮೇಲೆ ಆ ಕಟ್ಟೆಯ ಮೇಲೆ ಯಾರೂ ನಕ್ಕಿರಲಿಲ್ಲ. ಪಲ್ಯ ಹೇಗಿತ್ತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಓಣಿಯವರು ಒಳ್ಳೆಯವರು.

ಮಹಾದೇವಕ್ಕ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ, "ಇದನ್ನ ಎಲ್ಲಿಗೆ ಒಯ್ದಿದ್ರಿ ಅಣ್ಣಾರ?" ಎಂದರು. ಸಂತೆಕಲ್ಲೂರಿಗೆ ಎಂದೆ.

ಅವರು ಡಬ್ಬಿಯನ್ನು ಕೈಗೆ ತೆಗೆದುಕೊಂಡರು. "ಇದು ಅಕ್ಕ ಕಡೀ ದಿನ ಪುಂಡಿ ಪಲ್ಯ ತಂದು ಕೊಟ್ಟ ಡಬ್ಬಿ ರೀ. ನಾನೇ ನಿಮಗ ಇದ್ರಾಗ ಊಟ ತಂದಿದ್ದೆ."

ಹತ್ತು ಹೆಜ್ಜೆ ಒಯ್ಯಲಾರದೆ ಆಮೇಲೆ ಎಂದಿದ್ದ ಡಬ್ಬಿಯನ್ನು ನಾನು ಸಂತೆಕಲ್ಲೂರಿನ ತನಕ ಒಯ್ದು ಬಂದಿದ್ದೆ.

ಆ ತೊಗರಿ ಕಾಳನ್ನು ಬರೀ ಉಪ್ಪು ಹಾಕಿ ಬೇಯಿಸಿದೆ. ಅದನ್ನು ಕೆಡಿಸಲು ನನಗೂ ಸಾಧ್ಯವಾಗಲಿಲ್ಲ. ಅರ್ಧವನ್ನು ಡಬ್ಬಿಗೆ ಹಾಕಿ, ಬಿಸಿ ಇದ್ದಾಗಲೇ ಮಹಾದೇವಕ್ಕನಿಗೆ ಕೊಟ್ಟು ಬಂದೆ. ಎಣಿಸಿ ನೋಡಿದೆ, ಹತ್ತಲ್ಲ, ಒಂಬತ್ತೇ ಹೆಜ್ಜೆ.

ಈಗಲೂ ಓಣಿಯಿಂದ ಪಾತ್ರೆಗಳು ಬರುತ್ತವೆ, ನನ್ನಿಂದ ಹೋಗುತ್ತವೆ, ಖಾಲಿ ಹೋಗುವುದಿಲ್ಲ. ಗುರುತಿಗೆಂದು ಎಲ್ಲಾ ಪಾತ್ರೆಗಳ ತಳಕ್ಕೆ ಅಂಗಡಿಯ ಮಾರ್ಕರ್ ಪೆನ್ನಿನಿಂದ ಹೆಸರು ಬರೆದೆ. ಮೊದಲ ಸಲ ತಿಕ್ಕಿದಾಗಲೇ ಎಲ್ಲಾ ಅಳಿಸಿಹೋಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಈಗ ನಾಲ್ಕು ಪಾತ್ರೆಗಳಿವೆ. ಯಾವುದು ಯಾರದೆಂದು ನೋಡಿದೊಡನೆ ಹೇಳುವ ನೀಲಮ್ಮ ಮನೆಯಲ್ಲಿಲ್ಲ.