ನಾರುಹುಣ್ಣಿನ ಪುಟಗಳನ್ನು ಸಮ ಮಾಡಿದ್ದು

ಓರಣದಲ್ಲಿ ನನ್ನನ್ನು ಮೀರಿಸುವವರು ಇಡೀ ಹೊಳಲ್ಕೆರೆಯಲ್ಲಿ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರೂ ಹೇಳದ ಕಾರಣ!

ಆಗ ನಾನು ಊರಿನ ಡಾಕ್ಟರೊಬ್ಬರ ಬಳಿ ಗುಮಾಸ್ತ. ನಮ್ಮ ಬೀದಿಯ ಮೆಟ್ಟಿಲ ಬಾವಿಯಲ್ಲಿ ಜನ ಮೊಣಕಾಲುದ್ದ ನೀರಿಗಿಳಿದು ಕೊಡ ತುಂಬುತ್ತಿದ್ದರು. ವರ್ಷಾವರ್ಷ ಮನೆಗೊಬ್ಬರು ನಾರುಹುಣ್ಣಾಗಿ ಮಲಗುತ್ತಿದ್ದರು. ಆ ವರ್ಷ ನನ್ನ ಹೆಂಡತಿ ಗಿರಿಜಮ್ಮನ ಸರದಿ. ಹಿಮ್ಮಡಿಯಿಂದ ದಾರದಂಥ ಹುಳು ದಿನಕ್ಕಿಷ್ಟೇ ಇಷ್ಟು ಹೊರಬರುತ್ತಿತ್ತು. ಅವಳು ಕಾಲು ಚಾಚಿ ಕುಳಿತಲ್ಲೇ ನರಳುತ್ತಿದ್ದಳು. ಜನ ನೀರಿಗಿಳಿಯುವುದರಿಂದಲೇ ಈ ರೋಗ ಹರಡುತ್ತದೆ, ಮೆಟ್ಟಿಲು ಮುಚ್ಚಿಸಿ ರಾಟೆ ಹಾಕಿಸಬೇಕು ಎಂದು ಡಾಕ್ಟರು ದುರ್ಗದ ದೊಡ್ಡ ಸಾಹೇಬರಿಗೆ ಬರೆದರು. ಉತ್ತರ ಬಂತು: 'ಲಂಡನ್ನಿನ ವೈದ್ಯಪತ್ರಿಕೆಯಲ್ಲಿ ಹಾಗೆಂದು ಬರೆದಿದ್ದರೆ ತೋರಿಸಿ. ಮಿಕ್ಕ ಪತ್ರಿಕೆಗಳನ್ನು ನಾನು ನಂಬುವುದಿಲ್ಲ.'

ಡಾಕ್ಟರ ಕೋಣೆಯಲ್ಲಿ ಲಂಡನ್, ಕಲ್ಕತ್ತಾ, ಮದರಾಸುಗಳ ಪತ್ರಿಕೆಗಳು ಸೂರು ಮುಟ್ಟಿದ್ದವು.

"ನಾರುಹುಣ್ಣಿನ ಲೇಖನ ಎಲ್ಲ ಹುಡುಕ್ರಿ. ಅದ್ರಾಗೆ ಲಂಡನ್ನಿಂದು ಬ್ಯಾರೆ ಮಾಡಿ ಇಡ್ರಿ. ಸೋಮವಾರ ಸಾಹೇಬ್ರು ಬರ್ತಾರೆ," ಎಂದರು ಡಾಕ್ಟರು.

"ಅದೇನ್ ಮಹಾ, ಸ್ವಾಮಿ!" ಎಂದೆ.

ಲೇಖನವಿದ್ದ ಸಂಚಿಕೆಗಳನ್ನು ಮನೆಗೆ ಹೊತ್ತು ತಂದೆ. ಬೇಕಾದ ಪುಟಗಳನ್ನೆಲ್ಲ ಕಿತ್ತೆ. ಒಂದು ಉದ್ದ, ಇನ್ನೊಂದು ಗಿಡ್ಡ. ಕಟ್ಟು ಸೊಟ್ಟಗೆ ಕಂಡಿತು. ಸಾಹೇಬರ ಮುಂದೆ ಇಂಥ ಅವಲಕ್ಷಣವೇ? ಬೇರೆ ಮಾಡುವುದು ಆಮೇಲೆ, ಮೊದಲು ಓರಣ! ನಾಲ್ಕೂ ಅಂಚು ಕತ್ತರಿಸಿ, ಎಲ್ಲವನ್ನೂ ಒಂದೇ ಅಳತೆಗೆ ತಂದೆ. ಉಳಿದ ಚಿಂದಿಯನ್ನೂ ಕಿತ್ತ ಸಂಚಿಕೆಗಳನ್ನೂ ಮೂಲೆಗೆ ತಳ್ಳಿದೆ. ಇಷ್ಟಕ್ಕೇ ನಾಲ್ಕು ದಿನ ಹಿಡಿಯಿತು.

ಭಾನುವಾರ ಬೇರೆ ಮಾಡಲು ಕುಳಿತೆ. ಪತ್ರಿಕೆಯ ಹೆಸರು ಪ್ರತಿ ಪುಟದ ನೆತ್ತಿಯ ಮೇಲಿರುತ್ತದೆ. ನೆತ್ತಿಯೇ ಇರಲಿಲ್ಲ!

ಮೂಲೆಗೆ ಓಡಿದೆ. ಮೂಲೆ ಖಾಲಿ. ಒಳಗೆ ಗಿರಿಜಮ್ಮ ಕಾಲು ಚಾಚಿಕೊಂಡೇ ಒರಳಲ್ಲಿ ಏನನ್ನೋ ಕುಟ್ಟುತ್ತಿದ್ದಳು.

"ಕುಂತು ಕುಂತು ಬ್ಯಾಸರ ಆಗಿತ್ತು ಕಣ್ರೀ. ಮೂಲೇಲಿ ರದ್ದಿ ಬಿದ್ದಿತ್ತು, ನೆನೆಸಿ, ಅಂಟಿಗೆ ಮೆಂತ್ಯ ಹಾಕಿ ಕುಟ್ತಿದೀನಿ. ಕಾಗದದ ಬುಟ್ಟಿ ಎಷ್ಟು ಚೆಂದ ಬರ್ತೈತೆ ನೋಡ್ರೀ!"

"ಲೇ, ಅದು ಲಂಡನ್ ಕಣೇ!"

"ಏನಾರ ಇರ್ಲಿ. ಮೆಂತ್ಯ ಚೆನ್ನಾಗಿ ಹಿಡಿದೈತೆ."

ಸೋಮವಾರ ಸಾಹೇಬರು ಬಂದು ಕಟ್ಟು ಬಿಚ್ಚಿ ಓದಿದರು. ಒಂದು ಪುಟದಲ್ಲಿ ಈ ರೋಗ ಕುಡಿಯುವ ನೀರಿನಿಂದ ಬರುತ್ತದೆ ಎಂದಿತ್ತು. ಮುಂದಿನದರಲ್ಲಿ, ಇಲ್ಲ, ಪಾದದ ಚರ್ಮದಿಂದ ಎಂದಿತ್ತು.

"ಇದ್ರಾಗೆ ಲಂಡನ್ನಿಂದು ಯಾವುದ್ರೀ?" ಎಂದರು ಸಾಹೇಬರು.

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಎಲ್ಲಾ ಒಂದೇ ಅಳತೆ ಅವೆ ಸ್ವಾಮಿ," ಎಂದೆ.

ಸಾಹೇಬರು ಗಾಡಿ ಹತ್ತಿ ದುರ್ಗಕ್ಕೆ ಹೊರಟುಹೋದರು. ರಾಟೆಯ ಮಾತೂ ಅವರ ಜೊತೆಗೇ ಹೋಯಿತು. ಮನೆಗೆ ಬಂದರೆ ಗಿರಿಜಮ್ಮ, "ರಾಟೆ ಯಾವಾಗ ಹಾಕಿಸ್ತಾರಂತೆ?" ಎಂದು ಕೇಳಿದಳು. ಅವಳ ಕಾಲಿನ ಪಟ್ಟಿ ನೋಡುತ್ತಾ ನನಗೆ ಅಳು ಬಂತು.

ಮರುದಿನ ಡಾಕ್ಟರು ನನಗೆ ಹೊಸ ಕೆಲಸ ಕೊಟ್ಟರು: ಬಾವಿಯ ಬಾಯಲ್ಲಿ ನಿಂತು, ಇಳಿಯುವವರನ್ನು ತಡೆಯುವುದು. ಮೊದಲು ಒಬ್ಬ ಅಜ್ಜಿ ಬಂದಳು.

"ಇಳೀಬ್ಯಾಡ ಕಣಜ್ಜಿ, ನಾರುಹುಣ್ಣು ಬರ್ತೈತೆ."

"ಹಂಗಂತ ಎಲ್ಲಿ ಬರ್ದೈತಪ್ಪ?"

ನಾನು ದಾರಿ ಬಿಟ್ಟೆ. ಅಜ್ಜಿ ಇಳಿದಳು. ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿ, ನಾನೂ ಮನೆಯಿಂದ ತಂದಿದ್ದ ಕೊಡ ಹಿಡಿದು ಅವಳ ಹಿಂದೆಯೇ ಇಳಿದೆ. ಮನೆಯಲ್ಲಿ ಕುಡಿಯಲು ಹನಿ ನೀರಿರಲಿಲ್ಲ!