ಅರವತ್ತಮೂರನೇ ತುಂಡು

ಸಾಲೇಹಾಳ ದುಪಟ್ಟಾದ ಸೆರಗು ಒಂದೇ ಒಂದು ಸಲ ಸೋಕಿದ್ದು. ಅಷ್ಟಕ್ಕೇ ಕಿಟಕಿಯ ಪಕ್ಕದ ಕಳ್ಳಿಗಿಡದಿಂದ ಎಂಟು ತುಂಡುಗಳು ಕಳಚಿಕೊಂಡವು. ಐದು ದುಪಟ್ಟಾ ಹಿಡಿದು ಜೋತಾಡಿದವು, ಉಳಿದವು ನೆಲದ ಮೇಲೆ ಉರುಳಿದವು. ಅವಳು ಗಾಬರಿಯಲ್ಲಿ ಎರಡೂ ಕೈಯಿಂದ ಅವನ್ನು ಕೀಳಲು ಹೋಗಿ ಹತ್ತು ಬೆರಳಿಗೂ ಮುಳ್ಳು ಹತ್ತಿಸಿಕೊಂಡು, "ಹಾಯ್ ಅಲ್ಲಾ!" ಎಂದು ಕಿರುಚಿದಳು.

ಒಳಗೆ ಹಲ್ಲುಜ್ಜುತ್ತಿದ್ದ ಫುರ್ಕಾನ್ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದ. ಹೆಂಡತಿಯ ಕೈ ನೋಡುವ ಮೊದಲು ಗಿಡ ನೋಡಿದ. ಆ ತಪ್ಪಿಗೆ ಮುಂದೆ ಎಷ್ಟೋ ದಿನ ಅವನು ಮಾತು ಕೇಳಬೇಕಾಯಿತು. ಆದರೆ ಅವನ ಕಷ್ಟ ಅವನಿಗೆ. ಗಿಡದ ಒಡತಿ ಅದೇ ದಿನ ಸಂಜೆ ನಾಲ್ಕಕ್ಕೆ ಬರುವವಳಿದ್ದಳು.

ಒಡತಿ ಎಂದರೆ ಅವನ ಬಾಸ್ ಮಾರ್ಲೂಸ್. ಡಚ್ಚರ ದೇಶದ ವಾಗೆನಿಂಗನ್‌ನ ಒಂದು ಸಸ್ಯ ಸಂಶೋಧನಾ ತಂಡದ ಮುಖ್ಯಸ್ಥೆ. ಬೀಜದ ವ್ಯಾಪಾರದ ಊರಾದ ರಾಣೆಬೆನ್ನೂರಿನ ಫುರ್ಕಾನ್ ಆ ತಂಡದಲ್ಲಿ ಅಂಕಿ ಅಂಶ ನೋಡಿಕೊಳ್ಳುವವನು. ಗಿಡಗಳನ್ನು ಅವನು ಕಂಡಿದ್ದು ಎಕ್ಸೆಲ್ ಶೀಟಿನ ಸಾಲುಗಳಾಗಿ ಮಾತ್ರ. ಮಾರ್ಚ್‌ನಲ್ಲಿ ಕೊರೊನಾ ಬಂದು ಸಂಸ್ಥೆಗೆ ಬೀಗ ಬಿದ್ದಾಗ ಮಾರ್ಲೂಸ್ ಗಾಜಿನಮನೆಯ ಗಿಡಗಳನ್ನು ವ್ಯಾನಿಗೆ ತುಂಬಿಕೊಂಡು ಸಹೋದ್ಯೋಗಿಗಳ ಮನೆಮನೆಗೆ ಹಂಚಿದಳು. ಫುರ್ಕಾನನ ಪಾಲಿಗೆ ಬಂದದ್ದು ಇದು, ಅರಿಜೋನಾ ಮರುಭೂಮಿಯ ಚೋಯಾ ಕಳ್ಳಿ. ಬಾಗಿಲ ಮುಂದೆ ಕುಂಡ ಇಟ್ಟು, ಒಂದೂವರೆ ಮೀಟರ್ ಹಿಂದೆ ಸರಿದು ನಿಂತು, ಗಿಡದ ತುಂಡುಗಳನ್ನು ಅವನೆದುರಿಗೇ ಎಣಿಸಿ ಪುಸ್ತಕದಲ್ಲಿ "ಅರವತ್ತಮೂರು" ಎಂದು ಬರೆದುಕೊಂಡಿದ್ದಳು.

"ಮೂರು ವಾರಕ್ಕೊಂದು ಲೋಟ ನೀರು ಹಾಕು, ಸಾಕು. ಬೇರೇನೂ ಮಾಡಬೇಡ. ನೀನು ನಿನ್ನ ಪಾಡಿಗಿರು, ಅದು ಅದರ ಪಾಡಿಗಿರಲಿ," ಎಂದಿದ್ದಳು.

ಆದರೆ ಅದು ತನ್ನ ಪಾಡಿಗೆ ಇರುವ ಜಾತಿಯದಲ್ಲ. ಕಿರುಬೆರಳಿನಿಂದ ಹೆಬ್ಬೆರಳಿನವರೆಗಿನ ಗಾತ್ರದ ಹಸಿರು ತುಂಡುಗಳು ಒಂದರ ಮೇಲೊಂದು ಕೂತು ಕೊಂಬೆಯಾಗಿದ್ದವು. ಮೈತುಂಬ ಬೆಳ್ಳಿಬಣ್ಣದ ಮುಳ್ಳು ಎಷ್ಟು ದಟ್ಟವಾಗಿತ್ತೆಂದರೆ ದೂರದಿಂದ ನೋಡಿದವರಿಗೆ ಉಣ್ಣೆ ಹೊದ್ದಂತೆ ಕಾಣುತ್ತಿತ್ತು. ಪಕ್ಕದ ಮನೆಯ ಮೈಸೂರಿನ ಸರಳಾ, "ಅಯ್ಯೋ ಎಷ್ಟ್ ಮುದ್ದಾಗಿದೆ, ಕರಡಿ ಮರಿ ಥರ!" ಎಂದು ಸವರಲು ಹೋಗಿ ಒಂದು ವಾರ ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಪ್ರತಿ ಮುಳ್ಳಿಗೂ ಕಾಗದದಂಥ ತೆಳು ಹೊದಿಕೆ. ಅದರೊಳಗಿನ ಮುಳ್ಳಿಗೆ ಕಣ್ಣಿಗೆ ಕಾಣದ ಹಿಮ್ಮುಖ ಕೊಕ್ಕೆಗಳು. ಒಳಗೆ ಹೋಗಲು ಅಡ್ಡಿಯಿಲ್ಲ, ಹೊರಗೆ ಬರಲು ಒಪ್ಪಿಗೆಯಿಲ್ಲ. ತುಂಡುಗಳೋ, ಯಾರಾದರೂ ಹತ್ತಿರ ಸುಳಿದರೆ ಸಾಕು, ಗಿಡ ಬಿಟ್ಟು ಅವರ ಜೊತೆ ಹೊರಟುಬಿಡುತ್ತಿದ್ದವು. ಇಷ್ಟಾದರೂ ಸರಳಾ, "ಒಂದ್ ಕಡ್ಡಿ ಕೊಡ್ರೀ, ಕುಂಡದಲ್ಲಿ ನೆಡ್ತೀನಿ," ಎಂದು ಕೇಳುವುದನ್ನು ಬಿಟ್ಟಿರಲಿಲ್ಲ.

ಗಿಡ ಬಂದ ಎರಡನೇ ವಾರ ಮೊದಲ ತುಂಡು ಬಿದ್ದಾಗ ಫುರ್ಕಾನ್ ಊರಿಗೆ ಫೋನ್ ಮಾಡಿ ಅಮ್ಮೀಜಾನ್‌ಗೆ ಹೇಳಿದ್ದ.

"ಅಮಾನತ್ ಹೈ ಬೇಟಾ," ಎಂದಿದ್ದರು ಅವರು. "ಜೈಸಾ ದಿಯೇ, ವೈಸಾಚ್ ವಾಪಸ್ ದೇನಾ."

ನಂಬಿ ಕೊಟ್ಟ ವಸ್ತು. ಹೇಗೆ ಕೊಟ್ಟರೋ ಹಾಗೆಯೇ ಹಿಂದಿರುಗಿಸಬೇಕು. ಅರವತ್ತಮೂರು ಕೊಟ್ಟರೆ ಅರವತ್ತಮೂರು. ಅಂದಿನಿಂದ ಫುರ್ಕಾನ್ ಬಿದ್ದ ಪ್ರತಿ ತುಂಡನ್ನೂ ಸಾಲೇಹಾಳ ರೊಟ್ಟಿ ಸುಡುವ ಇಕ್ಕಳದಲ್ಲಿ ಎತ್ತಿ, ಬುಡಕ್ಕೆ ಗಟ್ಟಿ ಅಂಟು ಸವರಿ, ಇದ್ದ ಜಾಗಕ್ಕೇ ಕೂರಿಸುತ್ತಿದ್ದ. ಅಂಟಿನ ಗುರುತು ದಟ್ಟ ಮುಳ್ಳಿನಲ್ಲಿ ಮುಚ್ಚಿಹೋಗುತ್ತಿತ್ತು. ಮೂರೂವರೆ ತಿಂಗಳಲ್ಲಿ ನಲವತ್ತೊಂದು ತುಂಡು ಹಾಗೆ ಮನೆಗೆ ಮರಳಿದ್ದವು. ಸಾಲೇಹಾ ಬರಿಗೈಯಲ್ಲಿ ರೊಟ್ಟಿ ತಿರುವುವುದನ್ನು ಕಲಿತಿದ್ದಳು.

ಅವನ ಭಯಕ್ಕೆ ಕಾರಣವೂ ಇತ್ತು. ಜುಲೈ ಕೊನೆಗೆ ಅವನ ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು. ಮುಂದುವರಿಸದಿದ್ದರೆ ಮೂರು ತಿಂಗಳಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಆ ವರ್ಷ ಯಾರು ಕೆಲಸ ಕೊಡುತ್ತಾರೆ? "ಶುಕ್ರವಾರ ಗಿಡ ತಗೊಂಡು ಹೋಗುತ್ತೇನೆ, ಹಾಗೇ ನಿನ್ನ ಕೆಲಸದ ವಿಷಯವೂ ಮಾತಾಡೋಣ," ಎಂದು ಮಾರ್ಲೂಸ್ ಬರೆದಿದ್ದಳು. ಗಿಡ ಮತ್ತು ಕೆಲಸ ಒಂದೇ ಸಾಲಿನಲ್ಲಿ ಬಂದದ್ದು ನೋಡಿ ಅವನಿಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಈಗ ಅವನು ತುಂಡುಗಳನ್ನು ತಟ್ಟೆಗೆ ಹಾಕಿ ಎಣಿಸಿದ. ಏಳು. ಗಿಡದ ಮೇಲಿನವನ್ನು ಎಣಿಸಿದ. ಐವತ್ತೈದು. ಮತ್ತೆ ಎಣಿಸಿದ. ಅಷ್ಟೇ.

"ಒಂದು ಕಮ್ಮಿ ಐತಿ," ಎಂದ.

"ನನ್ನ ಕೈಯಲ್ಲಿ ನೂರು ಜಾಸ್ತಿ ಇದೆ," ಎಂದಳು ಸಾಲೇಹಾ, ಹುಬ್ಬು ಕೀಳುವ ಚಿಮಟಿಗೆ ಹಿಡಿಯಲು ಒದ್ದಾಡುತ್ತ.

ಅವನು ಅಂಗಾತ ಮಲಗಿ ಸೋಫಾ ಕೆಳಗೆ ನೋಡಿದ, ಮಂಡಿಯೂರಿ ಹೀಟರ್ ಹಿಂದೆ ನೋಡಿದ, ಗಿಡದ ಸ್ಟೂಲಿನಡಿ ತೂರಿಕೊಂಡು ಹಿಮ್ಮುಖವಾಗಿ ಹೊರಬಂದ. ಮಧ್ಯಾಹ್ನವಾಯಿತು, ಎಲ್ಲೂ ಇಲ್ಲ. ಹೋಗಲಿ, ಇರುವ ಏಳನ್ನಾದರೂ ಅಂಟಿಸೋಣವೆಂದರೆ ಅಂಟಿನ ಟ್ಯೂಬು ಖಾಲಿ. ದಪ್ಪ ಸ್ವೆಟರಿನಲ್ಲೇ ಸೈಕಲ್ ಹತ್ತಿದ. ಹೆಸರಿಗೆ ಜುಲೈನ ಬೇಸಿಗೆ, ಹವಾ ಮಾತ್ರ ಆ ಚಳಿದೇಶದ್ದು.

ಹಾರ್ಡ್‌ವೇರ್ ಅಂಗಡಿಯ ಮುಂದೆ ಉದ್ದನೆಯ ಸಾಲು. ಒಬ್ಬರಿಗೊಂದು ತಳ್ಳುಗಾಡಿ, ಒಳಗೆ ಇಷ್ಟೇ ಜನ ಎಂಬ ಲೆಕ್ಕ. ಫುರ್ಕಾನನ ಹಿಂದೆ ನಿಂತವರು ಒಂದೂವರೆ ಮೀಟರ್ ಅಲ್ಲ, ಮೂರು ಮೀಟರ್ ದೂರ ಬಿಟ್ಟಿದ್ದರು. ಎಂಥ ಶಿಸ್ತಿನ ಜನ ಎಂದುಕೊಂಡ. ಒಬ್ಬ ಅಜ್ಜಿ, ನಾವು ಸಾರ್ ಎನ್ನುವಂತೆ, "ಮೆನೇರ್!" ಎಂದು ಕರೆದು, ತನ್ನ ಬೆನ್ನನ್ನೇ ತಟ್ಟಿಕೊಂಡು ಮುಖ ಕಿವುಚಿ ತೋರಿಸಿದಳು. ಪಾಪ, ಬೆನ್ನುನೋವು. ಅವನು ಎದೆಯ ಮೇಲೆ ಕೈಯಿಟ್ಟು, ಬೇಗ ಗುಣವಾಗಲಿ ಎಂದು ತನಗೆ ಬರುವ ನಾಲ್ಕು ಡಚ್ ಮಾತಿನಲ್ಲಿ ಹಾರೈಸಿದ. ಅಜ್ಜಿ ಅವನನ್ನು ದಿಟ್ಟಿಸಿ ನೋಡಿ ಇನ್ನೂ ಒಂದು ಮೀಟರ್ ಹಿಂದೆ ಸರಿದಳು.

ಅಂಟು ಕೊಂಡು ವಾಪಸಾದಾಗ ಎರಡೂವರೆ. ಮನೆಗಳ ಮುಂದಿನ ಉದ್ದ ಕಾರಿಡಾರಿನಲ್ಲಿ ಸರಳಾ ಬಟ್ಟೆ ಒಣಹಾಕುತ್ತಿದ್ದಳು. ಅವನು ದಾಟಿ ಹೋಗುತ್ತಲೇ ಕೂಗಿದಳು.

"ಫುರ್ಕಾನ್, ನಿಂತ್ಕೊಳ್ಳಿ! ಬೆನ್ನ ಮೇಲೆ ಅದೇನ್ರೀ? ಇಲಿ ಮರಿ ಕೂತಿದ್ದಂಗಿದೆ!"

ಕೈ ಹಿಂದೆ ಚಾಚಿದ. ಬೆರಳಿಗೆ ಚುರ್ರೆಂದಿತು. ನೋವಿನ ಜೊತೆಗೇ ಅವನಿಗೆ ಹೇಳಲಾರದಷ್ಟು ಸಂತೋಷವಾಯಿತು.

"ಸಿಕ್ತು! ಅರವತ್ತಮೂರು!"

ಸಿಕ್ಕಿದ್ದೇನೋ ನಿಜ, ಕೈಗೆ ಬರಬೇಕಲ್ಲ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅದು ಸ್ವೆಟರನ್ನೂ ಬನಿಯನ್ನನ್ನೂ ದಾಟಿ ಚರ್ಮದ ಪರಿಚಯ ಮಾಡಿಕೊಂಡಿತ್ತು. ಸ್ವೆಟರ್ ತೆಗೆಯಹೋದರೆ ಅದು ಬೆನ್ನನ್ನು ಕುತ್ತಿಗೆಯವರೆಗೂ ಉಳುವ ಸಂಭವ. ಸಾಲೇಹಾಳ ಕೈಯೋ ಬಿಸಿನೀರಿನ ಬೋಗುಣಿಯಲ್ಲಿತ್ತು.

"ಸ್ವಲ್ಪ ಎಳೀರಿ ಸರಳಾ ಅವ್ರೆ."

"ನಾನಾ? ಒಂದೂವರೆ ಮೀಟರ್ ರೂಲ್ಸ್ ಇಲ್ವಾ? ಎದುರು ಬಿಲ್ಡಿಂಗ್‌ನೋರು ನೋಡ್ತಿದಾರೆ. ತಾಳಿ, ಐಡಿಯಾ ಇದೆ."

ಸರಳಾ ಒಳಗೆ ಹೋಗಿ ನೆಲ ಒರೆಸುವ ಕೋಲಿಗೆ ಬಾಚಣಿಗೆ ಕಟ್ಟಿಕೊಂಡು ಬಂದಳು. ಅಳತೆ ಟೇಪು ಹಿಡಿದು ದೂರವನ್ನು ಖಾತ್ರಿ ಮಾಡಿಕೊಂಡಳು. ಫುರ್ಕಾನ್ ಕಂಬಿ ಹಿಡಿದು ಬಗ್ಗಿ ನಿಂತ. ಬಾಚಣಿಗೆ ಮೊದಲು ಕಿವಿಗೆ, ಆಮೇಲೆ ಸೊಂಟಕ್ಕೆ ತಾಗಿತು.

"ಮೇಲೆ, ಮೇಲೆ! ಬಲಕ್ಕೆ ಬರ್ರಿ!"

"ಯಾರ್ ಬಲ, ನಿಮ್ದಾ ನಂದಾ?"

ಗದ್ದಲಕ್ಕೆ ಸರಳಾಳ ಗಂಡ ವಾಮನ ಹೊರಬಂದ. ಆಮ್ಸ್ಟರ್‌ಡ್ಯಾಮಿನ ಬ್ಯಾಂಕೊಂದರ ನೌಕರ. ಮೇಲೆ ಇಸ್ತ್ರಿ ಅಂಗಿ, ಟೈ. ಕೆಳಗೆ ಪಂಚೆ. ಕೈಯಲ್ಲಿ ತೆರೆದ ಲ್ಯಾಪ್‌ಟಾಪ್.

"ಏನೇ ಇದು? ಮೀಟಿಂಗ್‌ನಲ್ಲಿದೀನಿ, ಮ್ಯೂಟ್ ಮಾಡ್ಕೊಂಡು ಬಂದಿದೀನಿ. ಸ್ವಲ್ಪ ಮೆತ್ತಗೆ…"

ಆ ಕ್ಷಣಕ್ಕೆ ಬಾಚಣಿಗೆಯ ಹಲ್ಲು ತುಂಡಿನಡಿಗೆ ಸರಿಯಾಗಿ ಹೊಕ್ಕಿತು. ಸರಳಾ ಕೋಲನ್ನು ಗಟ್ಟಿಯಾಗಿ ಮೀಟಿದಳು. ಫುರ್ಕಾನ್ ಚೀರಿದ. ತುಂಡು ಗಾಳಿಯಲ್ಲಿ ಒಂದು ಸುತ್ತು ಹಾಕಿ ವಾಮನನ ಪಂಚೆಯ ಮೇಲೆ, ಮಂಡಿಯಿಂದ ಒಂದು ಗೇಣು ಮೇಲೆ ಬಂದು ಕೂತಿತು.

ವಾಮನ ಕುಣಿದ ಕುಣಿತವನ್ನು ಲ್ಯಾಪ್‌ಟಾಪಿನ ಕಣ್ಣು ಕಂಡಿತು. ಅವನು ಮ್ಯೂಟ್ ಮಾಡಿರಲಿಲ್ಲ ಎಂಬುದು ಹದಿಮೂರು ಮಂದಿಗೆ ಗೊತ್ತಾಯಿತು.

"ಒದರಬ್ಯಾಡ್ರಿ! ಕೈಮುಗೀತೀನಿ, ಒದರಬ್ಯಾಡ್ರಿ!" ಎಂದು ಫುರ್ಕಾನ್ ಕೂಗಿದ. "ಕೆಳಗ ಬಿದ್ರ ಮುರದು ಹೋಗ್ತದ. ಅಮಾನತ್ ಅದು!"

"ನನ್ನ ತೊಡೆಗೆ ಏನ್ ಹೆಸರ್ರೀ ಹಾಗಾದ್ರೆ?" ಎಂದ ವಾಮನ, ಕಣ್ಣಲ್ಲಿ ನೀರು ತುಂಬಿಕೊಂಡು.

ಗಂಡನಾದ್ದರಿಂದ ಅವನಿಗೆ ಒಂದೂವರೆ ಮೀಟರ್ ಅನ್ವಯಿಸಲಿಲ್ಲ. ಸರಳಾ ಹತ್ತಿರದಿಂದಲೇ ಬಾಚಿ ಎಬ್ಬಿಸಿದಳು. ವಾಮನ ಕುಂಟುತ್ತ ಒಳಹೋಗಿ ಸ್ಯಾನಿಟೈಸರ್ ತಂದು ತುಂಡಿಗೂ ತೊಡೆಗೂ ಸಮನಾಗಿ ಸುರಿದ. ಫುರ್ಕಾನ್ ತಟ್ಟೆ ಚಾಚಿದ. ಸರಳಾ ಕೊಡಲಿಲ್ಲ.

"ಇಷ್ಟೆಲ್ಲಾ ಆಯ್ತಲ್ಲ, ಇದೊಂದು ನಂಗೇ ಇರ್ಲಿ ಬಿಡಿ. ಅಷ್ಟೊಂದರಲ್ಲಿ ಒಂದು ಹೋದ್ರೆ ಅವ್ಳಿಗೆ ಗೊತ್ತಾಗುತ್ತಾ?"

"ಎಣಿಸಿ ಬರ್ಕೊಂಡಾಳ್ರೀ! ಬೇರೇನಾದ್ರೂ ಕೇಳ್ರಿ, ಕೊಡ್ತೀನಿ."

ಸರಳಾ ಕ್ಷಣ ಯೋಚಿಸಿದಳು. ಅವಳ ಕಣ್ಣು ಫುರ್ಕಾನನ ಅಡುಗೆಮನೆಯ ಕಿಟಕಿಯ ಕಡೆ ಹೋಯಿತು. ಅಲ್ಲಿ ಸಾಲೇಹಾ ಎರಡು ವರ್ಷದಿಂದ, ಆ ಬಿಸಿಲಿಲ್ಲದ ದೇಶದಲ್ಲಿ, ಬೀಜದಿಂದ ಎಬ್ಬಿಸಿ ಮಗುವಿನಂತೆ ಸಾಕಿದ ಕರಿಬೇವಿನ ಗಿಡವಿತ್ತು. ಹನ್ನೊಂದು ಗರಿ. ಹಬ್ಬಕ್ಕೆ ಮಾತ್ರ ಅರ್ಧ ಗರಿ ಕೀಳುವ ಪದ್ಧತಿ.

ಐದು ನಿಮಿಷದಲ್ಲಿ ಕರಿಬೇವು ಸರಳಾಳ ಮನೆ ಸೇರಿತು. ಸಾಲೇಹಾ ಬೋಗುಣಿಯ ನೀರನ್ನೇ ನೋಡುತ್ತ ಕೂತಳು. ಅವಳು ಬೈದಿದ್ದರೆ ಅವನಿಗೆ ಅಷ್ಟು ಕೆಡುಕೆನಿಸುತ್ತಿರಲಿಲ್ಲ.

ಮೂರೂ ಐವತ್ತೈದಕ್ಕೆ ಎಂಟನೇ ತುಂಡು ಅಂಟಿತು. ಅರವತ್ತಮೂರು. ಫುರ್ಕಾನ್ ಬೆವರೊರೆಸಿಕೊಂಡು, ಬೆನ್ನು ತಾಗದಂತೆ ಸೋಫಾದ ಅಂಚಿನಲ್ಲಿ ಕೂತ. ನಾಲ್ಕಕ್ಕೆ ಸರಿಯಾಗಿ ಬೆಲ್ಲು.

ಮಾರ್ಲೂಸ್ ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆಸಿ, ಪುಸ್ತಕ ತೆಗೆದಳು. ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಅವಳು ಗಿಡದ ಸುತ್ತ ನಿಧಾನವಾಗಿ ಎಣಿಸಿದಳು. ನಿಂತಳು. ಮತ್ತೆ ಮೊದಲಿನಿಂದ ಎಣಿಸಿದಳು. ಕುಂಡದ ಮಣ್ಣು ನೋಡಿದಳು, ನೆಲ ನೋಡಿದಳು.

"ಒಂದೂ ಬಿದ್ದಿಲ್ಲ!"

"ಇಲ್ಲ ಮೇಡಂ. ನೀವು ಕೊಟ್ಟ ಹಾಗೇ ಇದೆ," ಎಂದ ಫುರ್ಕಾನ್, ಹೆಮ್ಮೆಯಿಂದ.

ಮಾರ್ಲೂಸ್ ಕುರ್ಚಿಯಲ್ಲಿ ಕುಸಿದಳು.

"ಇದು ಬೀಳಬೇಕಾದ ಗಿಡ, ಫುರ್ಕಾನ್! ಇದರ ಹಣ್ಣಿನಲ್ಲಿ ಮೊಳೆಯುವ ಬೀಜವೇ ಸಾಮಾನ್ಯವಾಗಿ ಇರುವುದಿಲ್ಲ. ತುಂಡುಗಳನ್ನು ಉದುರಿಸಿ, ಓಡಾಡುವ ಪ್ರಾಣಿಗಳ ಮೈಗೆ ಅಂಟಿಸಿ, ಬಿದ್ದಲ್ಲಿ ಬೇರು ಬಿಟ್ಟು ಸಂಸಾರ ಬೆಳೆಸುತ್ತದೆ. ಮನೆಯೊಳಗೆ ಎಷ್ಟು ಉದುರಿಸುತ್ತದೆ ಎಂದು ತಿಳಿಯಲು ಇಂಥ ಆರು ಗಿಡ ಆರು ಮನೆಗೆ ಕೊಟ್ಟಿದ್ದೆ. ಗೊತ್ತಾದರೆ ನೀವು ಜೋಪಾನ ಮಾಡುತ್ತೀರಿ ಅಂತ ಯಾರಿಗೂ ಹೇಳಿರಲಿಲ್ಲ. ಉಳಿದ ಐದು ಮನೆಯಲ್ಲಿ ಮೂವತ್ತು, ನಲವತ್ತು ತುಂಡು ಬಿದ್ದಿವೆ. ನಿನ್ನ ಮನೆಯಲ್ಲಿ ಸೊನ್ನೆ! ಉದುರಿಸದ ಚೋಯಾ! ಯಾರೂ ಕಂಡಿಲ್ಲ ಇಂಥದ್ದನ್ನು!"

ನಂಬಿ ಕೊಟ್ಟವಳಿಗೆ ಸುಳ್ಳು ಹೇಳುವ ಯೋಚನೆಗೇ ಫುರ್ಕಾನನ ಕಣ್ಣ ಮುಂದೆ ಅಮ್ಮೀಜಾನ್ ಮುಖ ಬಂತು. ಕೆಲಸ ಹೋದರೆ ಹೋಗಲಿ ಎಂದು ಬಾಯಿಬಿಟ್ಟ.

"ಮೇಡಂ, ನಿಜ ಹೇಳುತ್ತೇನೆ. ತುಂಬಾ ಬಿದ್ದವು. ನಾನೇ ಅಂಟು ಹಾಕಿ ಅಂಟಿಸಿದೆ."

ಮಾರ್ಲೂಸ್ ಗಿಡವನ್ನೂ ಅವನನ್ನೂ ಸರದಿಯಾಗಿ ನೋಡಿದಳು. ಆಮೇಲೆ ಮಾಸ್ಕ್ ಕಳಚುವಷ್ಟು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕಳ್ಳಿಗಿಡವನ್ನು ಅಂಟಿಸಿದೆಯಾ! ಎರಡು ವರ್ಷದಿಂದ ನೀನು ಒಂದು ಜೋಕ್ ಹೇಳಿದ್ದನ್ನು ಕೇಳಿರಲಿಲ್ಲ. ಭೂಮಿಯ ಮೇಲೆ ಯಾರಪ್ಪಾ ಹಾಗೆ ಮಾಡುತ್ತಾರೆ?"

"ಇಲ್ಲ, ನಿಜವಾಗಿಯೂ…"

"ಸಾಕು ಸಾಕು, ಕೆಲಸದ ವಿಷಯ ಕೇಳು. ನಿನ್ನ ಕಾಂಟ್ರ್ಯಾಕ್ಟ್ ಮುಂದುವರಿಸಲು ಆಗುವುದಿಲ್ಲ ಎಂದು ಹೇಳಲೇ ಬಂದಿದ್ದೆ. ಈಗ ಬೇರೆ ದಾರಿ ಸಿಕ್ಕಿತು. ಈ ಗಿಡಕ್ಕಾಗಿಯೇ ಹೊಸ ಪ್ರಾಜೆಕ್ಟ್. ನೀನೇ ಅದರ ಉಸ್ತುವಾರಿ. ಎರಡು ವರ್ಷ. ಗಿಡ ಇಲ್ಲೇ ಇರಲಿ, ಜಾಗ ಬದಲಾಗಬಾರದು. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಒಬ್ಬ ಬಂದು ಕ್ಯಾಮೆರಾ ಹಾಕಿಹೋಗುತ್ತಾನೆ. ಹತ್ತು ನಿಮಿಷಕ್ಕೊಂದು ಫೋಟೋ, ಹಗಲೂ ರಾತ್ರಿ. ಒಂದೇ ಒಂದು ತುಂಡು ಬಿದ್ದರೂ ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು. ಆದರೆ ಈ ಗಿಡ ಉದುರಿಸುವುದಿಲ್ಲವಲ್ಲ!"

ಹೋಗುವಾಗಲೂ ಅವಳು ಮೆಟ್ಟಿಲಲ್ಲಿ "ಅಂಟಿಸಿದನಂತೆ!" ಎಂದು ನಗುತ್ತಿದ್ದುದು ಕೇಳಿಸಿತು.

ಸಾಲೇಹಾ ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು. ಇಡೀ ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಆಸೆ ಇತ್ತು.

"ಎರಡು ವರ್ಷ ಅಂದಂಗೆ ಕೇಳಿಸ್ತು. ಕಾಂಟ್ರ್ಯಾಕ್ಟ್ ಸಿಕ್ತಾ?"

"ಸಿಕ್ತು," ಎಂದ ಫುರ್ಕಾನ್.

"ಅಲ್‌ಹಮ್ದುಲಿಲ್ಲಾ! ಎಲ್ಲೀ ತನಕ?"

ಫುರ್ಕಾನ್ ಗಿಡದ ಕಡೆ ನೋಡಿದ.

"ಸೋಮವಾರ ಬೆಳಗ್ಗೆ ಒಂಬತ್ತರ ತನಕ."