ಹಳೇ ಪೈಥಾನ್ ತೆಗೆದದ್ದು

ಅರ್ಧಂಬರ್ಧ ತಿಳಿದ ಕೆಲಸಕ್ಕೆ ಕೈ ಹಾಕುವಾಗ ನನಗೆ ಎಲ್ಲಿಲ್ಲದ ಧೈರ್ಯ ಬರುತ್ತದೆ. ಪೂರ್ತಿ ಗೊತ್ತಿರುವ ಲೆಕ್ಕವನ್ನು ಎರಡೆರಡು ಸಲ ತಾಳೆ ನೋಡುವ ನಾನು, ಮನೆಯ ಮಿಕ್ಸಿಯನ್ನು ಮಾತ್ರ ಹಿಂದೆ ಮುಂದೆ ನೋಡದೆ ಬಿಚ್ಚಿದ್ದೆ. ಮತ್ತೆ ಜೋಡಿಸಿದಾಗ ಮೂರು ಸ್ಕ್ರೂ ಉಳಿದವು. "ಉಳಿತಾಯ ಅಂದ್ರೆ ನಿಮ್ಮನ್ನ ನೋಡಿ ಕಲೀಬೇಕು" ಎಂದಳು ನನ್ನ ಹೆಂಡತಿ. ಮಿಕ್ಸಿ ಅಟ್ಟ ಸೇರಿತು.

ಎರಡು ಸಾವಿರದ ಐದೋ ಆರೋ ಇರಬೇಕು. ಅರಕಲಗೂಡಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಯಾರೋ ಪುಣ್ಯಾತ್ಮರು ಶಾಲೆಗೊಂದು ಕಂಪ್ಯೂಟರ್ ಕೊಟ್ಟಿದ್ದರು. ಪುಕ್ಕಟೆ ಸಿಗುತ್ತದೆಂದು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದ್ದೆವು. ಹಾಕಿಕೊಟ್ಟವನು ಹಾಸನದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಪುಟ್ಟಸ್ವಾಮಿ, ಒಂದು ಕಾಲದ ನನ್ನ ವಿದ್ಯಾರ್ಥಿ. ನಾನೋ ಪುಸ್ತಕ ನೋಡಿಕೊಂಡು ಪೈಥಾನ್ ಎಂಬ ಭಾಷೆ ಕಲಿತು, ಮನೆಯ ಕಂಪ್ಯೂಟರಿನಲ್ಲಿ ಅಂಕಪಟ್ಟಿ ತಯಾರಿಸುವ ಪ್ರೋಗ್ರಾಂ ಬರೆದೆ. ನಮ್ಮ ಹೆಡ್‌ಮಿಸ್ ವಿಶಾಲಾಕ್ಷಮ್ಮನವರು, "ಹೆಬ್ಬಾವಿನ ಹೆಸರಿಟ್ಟಿದ್ದಾರಲ್ಲ ಮೇಷ್ಟ್ರೇ, ಏನೂ ಆಗಲ್ಲ ತಾನೇ?" ಎಂದರು. "ಶನಿವಾರ ಪೋಷಕರ ಸಭೆಗೆ ನೂರಿಪ್ಪತ್ತು ಅಂಕಪಟ್ಟಿಯೂ ಮೆಷಿನ್ನಿನಲ್ಲೇ ಬರುತ್ತೆ, ನೋಡ್ತಾ ಇರಿ" ಎಂದು ಕೊಚ್ಚಿಕೊಂಡೆ. ಪ್ರತಿವರ್ಷ ಅವನ್ನೆಲ್ಲ ದುಂಡಗೆ ಬರೆಯುತ್ತಿದ್ದವರು ಕನ್ನಡದ ಮೇಷ್ಟ್ರು ರುದ್ರಪ್ಪನವರು. "ಈ ಸಲ ನೀವು ಪೆನ್ನು ಮುಚ್ಚಿಡಿ" ಎಂದು ಅವರಿಗೂ ಹೇಳಿಬಿಟ್ಟೆ. ಅವರ ಮುಖ ಸಣ್ಣಗಾಯಿತು. ಮಕ್ಕಳ ಬಾಯಲ್ಲಿ ಸುದ್ದಿ ಊರೆಲ್ಲ ಹರಡಿತು.

ಶುಕ್ರವಾರ ಬೆಳಿಗ್ಗೆ ಶಾಲೆಯಲ್ಲಿ ನನ್ನ ಪ್ರೋಗ್ರಾಂ ಓಡಲಿಲ್ಲ. ಮನೆಯಲ್ಲಿದ್ದದ್ದು ಹೊಸ ಪೈಥಾನ್, ಶಾಲೆಯಲ್ಲಿದ್ದದ್ದು ಹಳೆಯದು. ಪುಟ್ಟಸ್ವಾಮಿಗೆ ಫೋನ್ ಮಾಡಿದೆ.

"ಅಯ್ಯೋ, ಸುಲಭ ಸಾ. ಮೊದ್ಲು ಹಳೇದನ್ನ ತೆಗೀರಿ, ಆಮೇಲೆ ಹೊಸದ್ನ ಹಾಕಿ. ಅಷ್ಟೇಯ" ಎಂದ.

ತೆಗೆದೆ. ಸುಲಭಕ್ಕೇನೂ ಬರಲಿಲ್ಲ. ಇದನ್ನೇ ನಂಬಿಕೊಂಡು ಇಂತಿಂಥ ಪ್ರೋಗ್ರಾಂಗಳಿವೆ ಎಂದು ಪರದೆ ತುಂಬ ಹೆಸರು ಒದರಿತು. ಕಚೇರಿಗಳಲ್ಲಿ ಇಂಥ ತಕರಾರು ನಾನೆಷ್ಟು ನೋಡಿಲ್ಲ! ಯಾರ ಮಾತೂ ಕೇಳದೆ ಕಿತ್ತುಹಾಕು ಎನ್ನುವ ಆಜ್ಞೆಯೂ ಪುಸ್ತಕದಲ್ಲಿತ್ತು, ಅದನ್ನೇ ಕೊಟ್ಟೆ. ತೆಪ್ಪಗಾಯಿತು. ಆಮೇಲೆ ಹೊಸದನ್ನು ಹಾಕಲು ಹೋದರೆ, ಹಾಕುವ ಪ್ರೋಗ್ರಾಮೇ ಏಳಲಿಲ್ಲ. ಪ್ರಿಂಟರ್ ಹೊಂದಿಸುವುದೂ ಏಳಲಿಲ್ಲ. ಮತ್ತೆ ಫೋನ್.

"ತೆಗೀರಿ ಅಂದ್ರೆ ಕಿತ್ತಾಕಿ ಅಂದ್ನಾ ಸಾ?" ಪುಟ್ಟಸ್ವಾಮಿ ಕಿರುಚಿದ. "ಬಾಗ್ಲು ತೆಗೀರಿ ಅಂದ್ರೆ ಬಾಗ್ಲು ಕೀಳ್ತೀರಾ? ಅದನ್ನ ತೆಗ್ದು, ಎಷ್ಟು ಹಳೇದು ಅಂತ ಮೇಲ್ಗಡೆ ನಂಬರ್ ನೋಡ್ಕಳಿ ಅನ್ನೋ ಅರ್ಥದಲ್ಲಿ ಅಂದಿದ್ದು! ಆ ಹಾಕೋ ಪ್ರೋಗ್ರಾಮು, ಪ್ರಿಂಟರ್‌ದು, ಎಲ್ಲಾ ಬರ್ದಿರೋದೇ ಹಳೇದ್ರಲ್ಲಿ ಕಣ್ ಸಾ. ಹಳೇದು ಅಂಗೇ ಇರ್ಬೇಕು, ಪಕ್ಕದಲ್ಲಿ ಹೊಸದ್ನ ಹಾಕ್ಬೇಕು. ಅವ್ಕೇನು ಜಗಳ ಇಲ್ಲ. ಈಗ ಸೀಡಿ ತಗಂಡು ನಾನೇ ಬರ್ಬೇಕು, ಸೋಮ್ವಾರ ಬತ್ತೀನಿ."

ಸೋಮವಾರ! ಸಭೆ ನಾಳೆ, ಮನೆಯಲ್ಲಿ ಪ್ರಿಂಟರ್ ಇರಲಿಲ್ಲ. ಪೈಥಾನ್ ಕಲಿತ ಭರದಲ್ಲಿ ಹುಟ್ಟಿದಾಗಿನಿಂದ ಆಡುವ ಕನ್ನಡದಲ್ಲಿ ಎಡವಿದ್ದೆ. ವಿಶಾಲಾಕ್ಷಮ್ಮನವರು ಬಯ್ಯಲಿಲ್ಲ, ಬೀರುವಿನಿಂದ ಖಾಲಿ ಅಂಕಪಟ್ಟಿಗಳ ಕಟ್ಟನ್ನು ತಂದು ಮೇಜಿನ ಮೇಲಿಟ್ಟರು. ಬೈದಿದ್ದರೇ ವಾಸಿಯಿತ್ತು. ರುದ್ರಪ್ಪನವರು ಪೆನ್ನಿನ ಮುಚ್ಚಳ ತೆಗೆದು ಎಂಬತ್ತನ್ನು ತಾವು ಎಳೆದುಕೊಂಡರು. ಉಳಿದ ನಲವತ್ತು ನನ್ನ ಪಾಲಿಗೆ ಬಂದವು. ನನ್ನ ಅಕ್ಷರ ಹೇಗೆಂದರೆ, ನಾನು ಬೋರ್ಡಿನ ಮೇಲೆ ಬರೆದ ಏಳನ್ನು ಮಕ್ಕಳು ಒಂದೆಂದು ಓದಿ ಲೆಕ್ಕ ತಪ್ಪುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಬೆರಳು ಸೆಟೆದುಕೊಂಡು ಆ ಅಕ್ಷರವೂ ಕೆಟ್ಟಿತು.

ಶನಿವಾರ ಸಭೆ ನಡೆಯಿತು. ಹೆಬ್ಬಾಲೆ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿಯ ತಂದೆ, ನಾನು ಬರೆದ ಅಂಕಪಟ್ಟಿಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ, ರುದ್ರಪ್ಪನವರ ಹತ್ತಿರ ಬಂದರು.

"ಇದು ಕಂಪ್ಯೂಟ್ರು ಬರ್ದಿದ್ದಂತಲ್ಲ ಸಾ? ಮಗಳು ಹೇಳಿದ್ಲು. ಬೇಜಾರ್ ಮಾಡ್ಕಬೇಡಿ, ಒಂದಕ್ಷರನೂ ಗೊತ್ತಾಗಾಕಿಲ್ಲ. ಓದ್ ವರ್ಸ ಯಾರೋ ಮನುಸ್ರು ಬರ್ದಿದ್ರು ನೋಡಿ, ಅದು ಎಷ್ಟು ಚೆಂದಾಗಿತ್ತು!"

ರುದ್ರಪ್ಪನವರು ಕರ್ಚೀಫನ್ನು ಬಾಯಿಗೊತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ನಿಜ ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ.

"ಹೌದು ಕಣಪ್ಪ" ಎಂದೆ, "ಏನೇ ಆದ್ರೂ ಅದು ಮೆಷಿನ್ನು ತಾನೇ!"